ಹಳ್ಳದ ಆರೋಗ್ಯ ಮತ್ತು ಶ್ರಾವಕಧರ್ಮ: ಮಸ್ಕಿ ನಾಡಿನ ಜಲಚರಿತ್ರೆಯ ಒಂದು ವಿಚಾರ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗಕ್ಕೆ ನಮ್ಮ ಪ್ರಾಚೀನ ಶಾಸನಗಳಲ್ಲಿ ‘ಎಡೆದೊರೆ ನಾಡು’ ಎಂಬ ಹೆಸರಿದೆ. ಎರಡು ಹೊಳೆಗಳ ಎಡೆಯಲ್ಲಿರುವ ನಾಡೆಂಬುದು ಇದರ ಅರ್ಥ. ಇಂದಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳು ಈ ನಾಡಿನ ಭಾಗಗಳು. ಇದರ ಒಡೆತನಕ್ಕಾಗಿ ಚಾಲುಕ್ಯರೂ ಚೋಳರೂ, ಅನಂತರದ ಕಾಲದಲ್ಲಿ ವಿಜಯನಗರದವರೂ ಬಹಮನಿ ಸುಲ್ತಾನರೂ ಶತಮಾನಗಳ ಪರ್ಯಂತ ಕಾದಾಡಿದರು. ಚರಿತ್ರೆಯ ಗ್ರಂಥಗಳು ಆ ಯುದ್ಧಗಳನ್ನು ವಿಸ್ತಾರವಾಗಿ ವರ್ಣಿಸುತ್ತವೆ. ಆದರೆ ಇಲ್ಲಿಯ ಸಾಮಾನ್ಯ ಜನರು ಬದುಕಿದುದು ದೂರದ ಮಹಾನದಿಗಳ ನೀರಿಗಿಂತ ಹೆಚ್ಚಾಗಿ ಊರ ಮಗ್ಗುಲಲ್ಲಿ ಹರಿಯುವ ಹಳ್ಳಗಳ ನೀರಿನಿಂದ. ಮಳೆಗಾಲದಲ್ಲಿ ತುಂಬಿ ಹರಿದು, ಬೇಸಿಗೆಯಲ್ಲಿ ಬತ್ತಿ, ಆಗಲೂ ಉಸುಕಿನಲ್ಲಿ ಒರತೆ ತೋಡಿದವರಿಗೆ ಕೊಡ ತುಂಬ ನೀರು ಕೊಟ್ಟ ಹಳ್ಳಗಳಿಗೆ ಚರಿತ್ರೆಯಲ್ಲಿ ಸ್ಥಾನ ದೊರೆತಿಲ್ಲ. ತುಂಗಭದ್ರೆಯ ಉಪನದಿಯಾದ ಮಸ್ಕಿಯ ಹಳ್ಳವು ಅಂತಹವುಗಳಲ್ಲಿ ಒಂದು. ಇಂತಹ ಹಳ್ಳದ ಆರೋಗ್ಯವನ್ನು ಅರಿಯುವ ಬಗೆ ಯಾವುದು, ಅದಕ್ಕೂ ಶ್ರಾವಕಧರ್ಮಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಶಾಸನದ ಊರು

ಮಸ್ಕಿಯ ಪ್ರಾಚೀನತೆಯನ್ನು ಜಗತ್ತಿಗೆ ತಿಳಿಸಿದುದು ಚಿನ್ನದ ಶೋಧ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರು ಚಿನ್ನದ ಅದಿರನ್ನು ಹುಡುಕುತ್ತ ಬಂದಾಗ ಇಲ್ಲಿಯ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಬರಹವೊಂದು ಗೋಚರಿಸಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇದ್ದಿತು. ಅರಸನ ನಿಜನಾಮವಾದ ಅಶೋಕ ಎಂಬುದು ಕಂಡುಬಂದುದು ಮಸ್ಕಿಯ ಶಾಸನದಲ್ಲಿಯೇ ಮೊದಲು. 1954ರಲ್ಲಿ ಬಿ.ಕೆ. ಥಾಪರ್ ಅವರು ನಡೆಸಿದ ಉತ್ಖನನದಿಂದ ಶಿಲಾ-ತಾಮ್ರಯುಗ, ಬೃಹತ್ ಶಿಲಾಸಂಸ್ಕೃತಿ, ಆದ್ಯೈತಿಹಾಸಿಕ ಕಾಲ, ಮಧ್ಯಯುಗ ಹೀಗೆ ನಾಲ್ಕು ಹಂತಗಳ ಜನವಸತಿ ಇಲ್ಲಿದ್ದುದು ಸ್ಥಿರಪಟ್ಟಿತು. ಮೂರು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಒಂದೇ ಎಡೆಯಲ್ಲಿ ಜನರು ನೆಲೆಸಿದ್ದರೆಂದರೆ ಅಲ್ಲಿ ನೀರಿನ ಆಸರೆ ಇದ್ದಿರಲೇಬೇಕು. ಗುಡ್ಡದ ಬುಡ ಮತ್ತು ಹಳ್ಳದ ದಡ, ಇವೆರಡೇ ಮಸ್ಕಿಯನ್ನು ಊರಾಗಿಸಿದವು.

ಅಶೋಕನ ಧರ್ಮಲಿಪಿಗಳಲ್ಲಿ ನಮ್ಮ ಈ ವಿಚಾರಕ್ಕೆ ಅತ್ಯಂತ ಹತ್ತಿರವಾದುದು ಮಸ್ಕಿಯ ಶಾಸನವಲ್ಲ, ಉತ್ತರ ಭಾರತದ ಸ್ತಂಭಗಳ ಮೇಲಿರುವ ಐದನೆಯ ಸ್ತಂಭಶಾಸನ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಅರಸನು ಇದನ್ನು ಹೊರಡಿಸಿದನು. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಗಿಳಿ, ಗೊರವಂಕ, ಹಂಸಗಳ ಜೊತೆಗೆ ಆಮೆ ಮತ್ತು ಕೆಲವು ಬಗೆಯ ಮೀನುಗಳೂ ಸೇರಿವೆ. ನಿಗದಿಯಾದ ಪರ್ವದಿನಗಳಲ್ಲಿ ಮೀನನ್ನು ಕೊಲ್ಲಕೂಡದು, ಮಾರಲೂ ಕೂಡದು ಎಂಬ ಕಟ್ಟಳೆಯಿದೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದು, ನಿಷ್ಕಾರಣವಾಗಿ ಅರಣ್ಯಕ್ಕೆ ಬೆಂಕಿಯಿಡಬಾರದು ಎಂಬ ಆಜ್ಞೆಯೂ ಉಂಟು.

ಈ ಶಾಸನದಲ್ಲಿ ಜೈನ ಓದುಗರ ಗಮನವನ್ನು ಸೆಳೆಯುವ ಸಂಗತಿಗಳು ಎರಡು. ಮೊದಲನೆಯದು ಪರ್ವಗಳದು. ಅರಸನು ಹೇಳುವ ಮೂರು ಚಾತುರ್ಮಾಸೀ ಪೂರ್ಣಿಮೆಗಳು, ನಾವು ಆಷಾಢ, ಕಾರ್ತಿಕ, ಫಾಲ್ಗುಣಗಳಲ್ಲಿ ಆಚರಿಸುವ ಅಷ್ಟಾಹ್ನಿಕ ಪರ್ವಗಳು ಮುಕ್ತಾಯಗೊಳ್ಳುವ ಹುಣ್ಣಿಮೆಗಳನ್ನೇ ನೆನಪಿಗೆ ತರುತ್ತವೆ. ಅಶೋಕನು ಬೌದ್ಧ ಉಪಾಸಕನು. ಆದರೆ ಜೀವಸಮೃದ್ಧಿಯ ಕಾಲಗಳನ್ನು ಗಮನಿಸಿ ಸಂಯಮವನ್ನು ವಿಧಿಸುವುದು ಅಂದಿನ ಶ್ರಮಣ ಪರಂಪರೆಗಳೆಲ್ಲಕ್ಕೂ ಸಮಾನವಾದ ತಿಳಿವಳಿಕೆಯಾಗಿದ್ದಿತು. ಮಳೆಗಾಲದಲ್ಲಿ ನೆಲದ ಮೇಲೆಲ್ಲ ಜೀವೋತ್ಪತ್ತಿ ಹೆಚ್ಚುವುದೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸವನ್ನು ಕೈಗೊಳ್ಳುವುದು ಇದೇ ತಿಳಿವಳಿಕೆಯಿಂದ. ಎರಡನೆಯದು, ಈ ಆಜ್ಞೆ ಕೊಲ್ಲುವವನನ್ನಷ್ಟೇ ಅಲ್ಲ, ಮಾರುವವನನ್ನೂ ಕಟ್ಟಿಹಾಕುತ್ತದೆ. ಈ ಎರಡನೆಯ ಅಂಶವನ್ನು ವ್ಯಾಪಾರಿ ಸಮಾಜದವರಾದ ನಾವು ನೆನಪಿನಲ್ಲಿಡಬೇಕು.

ನೀರಿನ ಪರೀಕ್ಷೆ, ಜೀವಿಗಳ ಸಾಕ್ಷ್ಯ

ತೊರೆಯೊಂದರ ಆರೋಗ್ಯವನ್ನು ಅಳೆಯುವ ವಿಜ್ಞಾನಕ್ಕೆ ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಮೊದಮೊದಲು ನೀರನ್ನು ಸೀಸೆಯಲ್ಲಿ ತುಂಬಿ ರಸಾಯನಶಾಲೆಗೆ ಒಯ್ಯುವುದಷ್ಟೇ ರೂಢಿಯಾಗಿದ್ದಿತು. 1908 ಮತ್ತು 1909ರಲ್ಲಿ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು, ನೀರಿನಲ್ಲಿ ಯಾವ ಯಾವ ಜೀವಿಗಳು ವಾಸಿಸುತ್ತವೆ ಎಂಬುದರಿಂದಲೇ ಅದರ ಮಾಲಿನ್ಯದ ಮಟ್ಟವನ್ನು ನಿರ್ಣಯಿಸಬಹುದೆಂದು ತೋರಿಸಿದರು. 1948ರಲ್ಲಿ ಅಮೆರಿಕದ ರುತ್ ಪ್ಯಾಟ್ರಿಕ್ ಅವರು ಪೆನ್ಸಿಲ್ವೇನಿಯದ ಕಾನೆಸ್ಟೋಗ ತೊರೆಯ ಪ್ರದೇಶವನ್ನು ಪರಿಶೀಲಿಸಿ, ಜೀವಿಗಳ ಬಗೆಗಳು ಹೆಚ್ಚಿದ್ದಷ್ಟೂ ತೊರೆ ಆರೋಗ್ಯಕರವಾಗಿರುತ್ತದೆಂಬ ತತ್ತ್ವವನ್ನು ಬಲಪಡಿಸಿದರು. 1976ರಲ್ಲಿ ಬ್ರಿಟನ್ನಿನಲ್ಲಿ ನೇಮಕವಾದ ಸಮಿತಿಯೊಂದು ನೀರಿನ ಕೀಟ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕಗಳನ್ನು ಕೊಡುವ ಪದ್ಧತಿಯನ್ನು ರೂಪಿಸಿತು. ಮಲಿನತೆಯನ್ನು ಸಹಿಸಲಾರದ ಕೀಟಗಳಿಗೆ 10 ಅಂಕ, ಎಂತಹ ಕೊಳಕಿನಲ್ಲಿಯೂ ಬದುಕಬಲ್ಲ ಹುಳಗಳಿಗೆ 1 ಅಂಕ.

ನಮ್ಮ ದೇಶದಲ್ಲಿ 1974ರ ಜಲಮಾಲಿನ್ಯ ನಿವಾರಣಾ ಕಾಯಿದೆಯ ಅನ್ವಯ ಕೇಂದ್ರ ಮತ್ತು ರಾಜ್ಯ ಮಂಡಳಿಗಳು ಸ್ಥಾಪಿತವಾದವು. ಕೇಂದ್ರ ಮಂಡಳಿಯ ವರ್ಗೀಕರಣದಂತೆ ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ, ಮೀನುಗಳು ಬದುಕಲು ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು. ಇಂತಹ ಅಂಕಿಗಳು ಅವಶ್ಯ. ಆದರೆ ಅವು ನೀರನ್ನು ತೆಗೆದ ಆ ಕ್ಷಣದ ಸ್ಥಿತಿಯನ್ನು ಮಾತ್ರ ಹೇಳುತ್ತವೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ರಸಾಯನ ಪರೀಕ್ಷೆಯು ಆ ದಿನದ ರೊಕ್ಕದ ಶಿಲ್ಕು. ಕಲ್ಲಿನ ಅಡಿಯಲ್ಲಿ ತಿಂಗಳುಗಟ್ಟಲೆ ಬಾಳುವ ಕೀಟಗಳೇ ವರ್ಷದ ಖಾತೆ. ನಿನ್ನೆಯ ರಾತ್ರಿ ಹರಿದು ಹೋದ ವಿಷವು ಇಂದಿನ ಸೀಸೆಯಲ್ಲಿ ಸಿಗದಿರಬಹುದು. ಸತ್ತುಹೋದ ಜೀವಿಗಳ ಸ್ಥಾನ ಮಾತ್ರ ಬಹುಕಾಲ ಬರಿದಾಗಿ ಉಳಿದು ಸಾಕ್ಷಿ ನುಡಿಯುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ಗೊಬ್ಬರದ ಸಾರ ಸೇರಿದ ನೀರಿನಲ್ಲಿ ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಗಲಿನಲ್ಲಿ ಅದು ಬಿಸಿಲಿನ ಸಹಾಯದಿಂದ ಆಮ್ಲಜನಕವನ್ನು ಬಿಡುವುದರಿಂದ ಮಧ್ಯಾಹ್ನ ಪರೀಕ್ಷಿಸಿದವನಿಗೆ ಹಳ್ಳವು ಅತ್ಯುತ್ತಮವಾಗಿ ಕಾಣುತ್ತದೆ. ರಾತ್ರಿಯಾದೊಡನೆ ಪಾಚಿಯೂ ಇತರ ಜೀವಿಗಳೂ ಆಮ್ಲಜನಕವನ್ನು ಸೇವಿಸುತ್ತ ಹೋಗಿ ಸೂರ್ಯೋದಯದ ಹೊತ್ತಿಗೆ ಅದು ತೀರ ಕೆಳಗಿಳಿಯುತ್ತದೆ. ಮೀನುಗಳು ನಸುಕಿನಲ್ಲಿ ನೀರಿನ ಮೇಲೆ ಬಂದು ಬಾಯಿ ತೆರೆದು ಸಂಕಟಪಡುವುದು ಇದೇ ಕಾರಣದಿಂದ. ಆದುದರಿಂದ ಹಳ್ಳದ ನಿಜವನ್ನು ತಿಳಿಯಬಯಸುವವನು ಸೂರ್ಯೋದಯಕ್ಕೆ ಮುಂಚೆಯೇ ಅಲ್ಲಿಗೆ ಹೋಗಬೇಕು.

ಸೋಸುವ ಬಟ್ಟೆ

ಈ ವಿಜ್ಞಾನದ ಮೂಲಭಾವನೆ ಜೈನರಿಗೆ ಹೊಸದಲ್ಲ. ಶ್ವೇತಾಂಬರ ಆಗಮಗಳಲ್ಲಿ ಮೊದಲನೆಯದಾದ ಆಚಾರಾಂಗವು ನೀರೇ ಶರೀರವಾಗಿರುವ ಅಪ್ಕಾಯ ಜೀವಗಳನ್ನೂ ನೀರನ್ನು ಆಶ್ರಯಿಸಿರುವ ಇತರ ಜೀವಗಳನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಕ್ರಿಮಿ, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯ ಹೆಚ್ಚುವ ಜೀವಶ್ರೇಣಿಯನ್ನು ಹೇಳುತ್ತದೆ. ಹಳ್ಳದ ಒಂದು ಕಲ್ಲನ್ನು ಎತ್ತಿ ನೋಡಿದರೆ ಈ ಶ್ರೇಣಿ ಕಣ್ಣೆದುರಿಗೇ ಇರುತ್ತದೆ: ದ್ವೀಂದ್ರಿಯಗಳಾದ ಜಿಗಣೆ, ಬಸವನಹುಳು, ಸಿಂಪಿ, ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆ ಮತ್ತು ನೀರಿನೊಳಗಿರುವ ಅದರ ಮರಿ, ಪಂಚೇಂದ್ರಿಯಗಳಾದ ಮೀನು, ಕಪ್ಪೆ, ಆಮೆ. ಉಸುಕಿನ ಕಣಗಳನ್ನು ಅಂಟಿಸಿ ತನಗೊಂದು ಗೂಡು ಕಟ್ಟಿಕೊಳ್ಳುವ ಕ್ಯಾಡಿಸ್ ಹುಳ, ಬಾಲದಲ್ಲಿ ಸಾಮಾನ್ಯವಾಗಿ ಮೂರು ಎಳೆಗಳುಳ್ಳ ಮೇಫ್ಲೈ ಮರಿ ಇವು ಕಂಡರೆ ನೀರು ಬಹುಮಟ್ಟಿಗೆ ಸ್ವಚ್ಛವೆಂದು ತಿಳಿಯಬೇಕು. ಕೆಸರಿನಲ್ಲಿ ಸಣ್ಣ ಕೆಂಪು ಹುಳಗಳು ಮಾತ್ರ ಕಿಕ್ಕಿರಿದಿದ್ದರೆ ಅಲ್ಲಿ ಆಮ್ಲಜನಕದ ಅಭಾವವಿದೆಯೆಂದು ಅರ್ಥ. ಎಣಿಸಬೇಕಾದುದು ತಲೆಗಳನ್ನಲ್ಲ, ಬಗೆಗಳನ್ನು.

ಶ್ರಾವಕನು ನೀರನ್ನು ಇಮ್ಮಡಿ ಮಡಿಚಿದ ದಪ್ಪ ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಮರ್ಯಾದೆ ಎಂಬ ನಿಯಮವನ್ನು ನಾವೆಲ್ಲರೂ ಬಲ್ಲೆವು. ಆದರೆ ಈ ನಿಯಮದ ಉತ್ತರಾರ್ಧವಾದ ‘ಜೀವಾಣಿ’ಯನ್ನು ಬಹಳ ಮಂದಿ ಮರೆತಿದ್ದಾರೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಸೇದಿದೆಯೋ ಅದೇ ಬಾವಿಗೆ, ಯಾವ ಹಳ್ಳದಿಂದ ತಂದಿದೆಯೋ ಅದೇ ಹಳ್ಳಕ್ಕೆ ಮರಳಿ ಬಿಡಬೇಕು. ಒಂದು ನೀರಿನ ಜೀವಿಯು ಇನ್ನೊಂದು ನೀರಿನಲ್ಲಿ ಬದುಕಲಾರದೆಂಬ ತಿಳಿವಳಿಕೆ ಇದರ ಹಿಂದಿದೆ. ಇಂದಿನ ಜೀವವಿಜ್ಞಾನಿಯೂ ಬಲೆಯಲ್ಲಿ ಹಿಡಿದ ಕೀಟಗಳನ್ನು ಒಂದು ತೊರೆಯಿಂದ ಮತ್ತೊಂದಕ್ಕೆ ಒಯ್ಯಬಾರದೆಂದೇ ಹೇಳುತ್ತಾನೆ. ಸೋಸುವುದರಿಂದ ಕುಡಿಯುವವನಿಗೆ ರಕ್ಷಣೆ. ಜೀವಾಣಿಯಿಂದ ಜಲಾಶಯಕ್ಕೆ ರಕ್ಷಣೆ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟುವ ನಮ್ಮ ಮನೆಗಳಲ್ಲಿ ಪೂರ್ವಾರ್ಧ ಉಳಿಯಿತು, ಉತ್ತರಾರ್ಧ ಅಳಿಯಿತು. ನೀರು ಬಂದ ಮೂಲ ಯಾವುದೆಂದು ಕೇಳುವ ಅಭ್ಯಾಸವೂ ಅದರೊಡನೆ ಹೋಯಿತು.

ಕಾಲುವೆ ಬಂದ ಮೇಲೆ

ಮಸ್ಕಿ ಭಾಗದ ಹಳ್ಳಗಳನ್ನು ಪರೀಕ್ಷಿಸುವವನು ಮಲೆನಾಡಿನ ತೊರೆಗಳ ಅಳತೆಗೋಲನ್ನು ಇಲ್ಲಿಗೆ ತರಬಾರದು. ಇಲ್ಲಿಯ ಹಳ್ಳಗಳು ಸ್ವಭಾವತಃ ಮಳೆಗಾಲದವು. ಬೇಸಿಗೆಯಲ್ಲಿ ಬತ್ತುವುದು ಅವುಗಳ ರೋಗವಲ್ಲ, ಪ್ರಕೃತಿ. ಇಲ್ಲಿಯ ಜೀವಿಗಳು ಕೆಸರಿನಲ್ಲಿ ತತ್ತಿಯಿಟ್ಟು, ಉಸುಕಿನ ಆಳಕ್ಕೆ ಇಳಿದು, ಮುಂದಿನ ಮಳೆಗೆ ಕಾಯುವುದನ್ನು ಕಲಿತಿವೆ. ಹಾಗೆಯೇ ವರ್ಷವಿಡೀ ನೀರು ಹರಿಯುವುದೂ ಇಲ್ಲಿ ಆರೋಗ್ಯದ ಲಕ್ಷಣವಾಗಬೇಕಾಗಿಲ್ಲ.

1945ರಲ್ಲಿ ಆರಂಭವಾದ ತುಂಗಭದ್ರಾ ಜಲಾಶಯದ ಕಾರ್ಯ 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಕ್ರಮೇಣ ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರುಗಳ ಎರೆಹೊಲಗಳಿಗೆ ಹರಿಯಿತು. 1876-78ರ ಮಹಾಕ್ಷಾಮದಂತಹ ವಿಪತ್ತುಗಳನ್ನು ಕಂಡಿದ್ದ ಈ ನಾಡಿಗೆ ಅದೊಂದು ವರದಾನ. ಈ ಉಪಕಾರವನ್ನು ಮರೆತು ಮಾತನಾಡುವುದು ಕೃತಘ್ನತೆ. ಆದರೆ ಮೂಲಯೋಜನೆಯು ಹೆಚ್ಚಿನ ಭೂಮಿಗೆ ಜೋಳ, ಹತ್ತಿ, ಶೇಂಗಾಗಳಂತಹ ಮಿತನೀರಿನ ಬೆಳೆಗಳನ್ನು ಗೊತ್ತುಪಡಿಸಿದ್ದಿತು. ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಬೇಸಾಯವು ಆ ಮಿತಿಯನ್ನು ಮೀರಿ ಬೆಳೆದುದರಿಂದ ಕೊನೆಯ ಭಾಗದ ರೈತರಿಗೆ ನೀರು ಸಾಲದಾಯಿತು. ಮೇಲ್ಭಾಗದಲ್ಲಿ ಜೌಗು ಮತ್ತು ಚೌಳು ಹಬ್ಬಿದವು. ಭತ್ತದ ಗದ್ದೆಗಳಿಂದ ಬಸಿದ ನೀರು ತಗ್ಗನ್ನು ಹುಡುಕಿ ಹಳ್ಳಗಳನ್ನು ಸೇರುತ್ತದೆ. ಹೀಗಾಗಿ ಅಚ್ಚುಕಟ್ಟಿನ ಹಳ್ಳಗಳು ಮಳೆಯಿಲ್ಲದ ತಿಂಗಳುಗಳಲ್ಲಿಯೂ ಹರಿಯುತ್ತವೆ. ನೋಡುವವರಿಗೆ ಇದು ಸಮೃದ್ಧಿಯೆಂದು ತೋರಬಹುದು. ಆ ನೀರಿನಲ್ಲಿ ಗದ್ದೆಯ ಲವಣ, ಗೊಬ್ಬರದ ಶೇಷ, ಸಿಂಪಡಿಸಿದ ವಿಷ ಎಲ್ಲವೂ ಇರುತ್ತವೆಂಬುದು ಕಣ್ಣಿಗೆ ಕಾಣುವುದಿಲ್ಲ. ದಡದಲ್ಲಿ ಬಳ್ಳಾರಿ ಜಾಲಿ, ಪಾತ್ರದಲ್ಲಿ ಜೊಂಡು ಮತ್ತು ಪಾಚಿ, ಎತ್ತಿ ಒಯ್ದ ಉಸುಕಿನ ಗುಂಡಿಗಳು ಇವು ಕಾಣುವ ಲಕ್ಷಣಗಳು. ಉಸುಕು ಹೋದಲ್ಲಿ ಒರತೆಯೂ ಹೋಯಿತೆಂದೇ ತಿಳಿಯಬೇಕು.

ವಿಷವಾಣಿಜ್ಯದ ಪ್ರಶ್ನೆ

ಇಲ್ಲಿಯವರೆಗಿನ ವಿಚಾರ ನೀರಿನದು; ಇನ್ನು ಮುಂದಿನದು ನಮ್ಮದು. ಈ ಭಾಗದಲ್ಲಿ ಬೀಜ, ಗೊಬ್ಬರ ಮತ್ತು ಕ್ರಿಮಿನಾಶಕಗಳ ಅಂಗಡಿ, ದಲಾಲಿ, ಅಕ್ಕಿಗಿರಣಿ ಇವು ನಮ್ಮ ಸಮಾಜಬಾಂಧವರೂ ಅವಲಂಬಿಸಿರುವ ಉದ್ಯೋಗಗಳು. ರೈತರು ಕ್ರಿಮಿನಾಶಕವನ್ನು ‘ಔಷಧಿ’ ಎನ್ನುತ್ತಾರೆ, ‘ಎಣ್ಣೆ’ ಎಂದೂ ಕರೆಯುತ್ತಾರೆ. ಶಾಸ್ತ್ರದಲ್ಲಿ ಅದಕ್ಕಿರುವ ಹೆಸರು ವಿಷ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವಿಷ, ಆಯುಧ, ಅಗ್ನಿ ಮುಂತಾದುವನ್ನು ಇತರರಿಗೆ ಒದಗಿಸುವುದನ್ನು ‘ಹಿಂಸಾದಾನ’ವೆಂದು ಅನರ್ಥದಂಡಗಳಲ್ಲಿ ಎಣಿಸುತ್ತದೆ, ನಿಷ್ಪ್ರಯೋಜನವಾಗಿ ನೀರನ್ನು ಕೆಡಿಸುವುದು ‘ಪ್ರಮಾದಚರ್ಯೆ’. ಶ್ರಾವಕನು ತೊರೆಯಬೇಕಾದ ಹದಿನೈದು ಖರಕರ್ಮಗಳ ಪಟ್ಟಿಯಲ್ಲಿ ವಿಷವಾಣಿಜ್ಯ, ಕೆರೆ-ಸರೋವರಗಳನ್ನು ಒಣಗಿಸುವ ‘ಸರಃಶೋಷ’, ಬೆಂಕಿಯಿಡುವ ‘ದವಪ್ರದ’ ಈ ಮೂರೂ ಸೇರಿವೆ. ಕೊಯ್ಲಾದ ಗದ್ದೆಯ ಹುಲ್ಲಿಗೆ ಬೆಂಕಿ ಹಚ್ಚುವುದನ್ನು ಕಂಡಾಗ ಈ ಪಟ್ಟಿಯೂ ಅಶೋಕನ ಹೊಟ್ಟಿನ ಆಜ್ಞೆಯೂ ಒಟ್ಟಿಗೇ ನೆನಪಾಗುತ್ತವೆ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ಪಟ್ಟಿಯನ್ನು ಕೊಟ್ಟು, ಒಡನೆಯೇ ಅದಕ್ಕೊಂದು ಆಕ್ಷೇಪವನ್ನೂ ಎತ್ತುತ್ತಾರೆ. ಲೋಕದಲ್ಲಿ ಪಾಪಕರ್ಮಗಳು ಎಣಿಕೆಗೆ ಸಿಗದಷ್ಟಿರುವಾಗ ಹದಿನೈದೆಂದು ಹೇಳುವುದು ಸರಿಯಲ್ಲ, ತೀರ ಮಂದಬುದ್ಧಿಗಳಿಗಾದರೆ ಹೀಗೆ ಪಟ್ಟಿ ಮಾಡಿ ಹೇಳಬಹುದು ಎಂಬುದು ಅವರ ಅಭಿಪ್ರಾಯ. ಪಟ್ಟಿಯಲ್ಲಿಲ್ಲದುದೆಲ್ಲವೂ ನಿರ್ದೋಷವೆಂದು ತಿಳಿಯುವವನಿಗೆ ಇದೊಂದು ಎಚ್ಚರಿಕೆ.

ಈ ಎಚ್ಚರಿಕೆಯ ಅರ್ಥವನ್ನು ಅಂಗಡಿಯ ಡಬ್ಬಿಯ ಮೇಲೆಯೇ ಕಾಣಬಹುದು. 1968ರ ಕೀಟನಾಶಕ ಕಾಯಿದೆ ಮತ್ತು 1971ರ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳ ಗುರುತು ಇರುತ್ತದೆ. ಕೆಂಪು ಅತಿ ಘೋರ, ಹಸಿರು ಅಲ್ಪ. ಆದರೆ ಈ ಬಣ್ಣಗಳು ನಿರ್ಧಾರವಾಗುವುದು ಇಲಿಯಂತಹ ಸಸ್ತನಿಗಳ ಮೇಲಿನ ಪರಿಣಾಮದಿಂದ. ಮೀನಿಗೆ, ಮೇಫ್ಲೈ ಮರಿಗೆ ಏನಾಗುತ್ತದೆಂಬುದನ್ನು ಬಣ್ಣವು ಹೇಳುವುದಿಲ್ಲ. ಸೈಪರ್‌ಮೆಥ್ರಿನ್‌ನಂತಹ ಪೈರಿಥ್ರಾಯ್ಡ್‌ಗಳು ಮನುಷ್ಯನಿಗೆ ಅಷ್ಟಾಗಿ ಘೋರವಲ್ಲದಿದ್ದರೂ ಮೀನು ಮತ್ತು ನೀರಿನ ಕೀಟಗಳಿಗೆ ಅತ್ಯಂತ ಮಾರಕ. ಇಮಿಡಾಕ್ಲೋಪ್ರಿಡ್ ಅತ್ಯಲ್ಪ ಪ್ರಮಾಣದಲ್ಲಿಯೂ ಮೇಫ್ಲೈ ಮರಿಗಳನ್ನು ಕೊಲ್ಲಬಲ್ಲದು. ಕಾನೂನಿನ ಒಪ್ಪಿಗೆಯೂ ಶಾಶ್ವತವಲ್ಲ. ದಶಕಗಳ ಕಾಲ ಪರವಾನಗಿಯೊಡನೆ ಮಾರಾಟವಾದ ಎಂಡೋಸಲ್ಫಾನ್, ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಜನರ ಯಾತನೆಯ ಬಳಿಕ, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಿಂದ ನಿಷಿದ್ಧವಾಯಿತು. ಅದು ಮೀನುಗಳಿಗೆ ವಿಷವೆಂಬುದು ಅದಕ್ಕೆ ಎಷ್ಟೋ ವರ್ಷಗಳ ಮೊದಲೇ ತಿಳಿದಿದ್ದ ಸಂಗತಿ.

‘ಸಿಂಪಡಿಸುವವನು ರೈತ, ಪರವಾನಗಿ ಕೊಟ್ಟುದು ಸರಕಾರ, ನಾವು ಮಾರುವವರು ಮಾತ್ರ’ ಎಂಬ ಸಮಾಧಾನವನ್ನು ನಮ್ಮ ಧರ್ಮ ಒಪ್ಪುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುತ್ತದೆ. ಹಾಗೆಂದು ಎಲ್ಲರೂ ನಾಳೆಯೇ ಅಂಗಡಿ ಮುಚ್ಚಬೇಕೆಂದು ಹೇಳುವುದೂ ಸುಲಭದ ಮಾತು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಆರಂಭೀ ಮತ್ತು ಉದ್ಯೋಗೀ ಹಿಂಸೆಯನ್ನು ಸಾಧ್ಯವಾದಷ್ಟು ತಗ್ಗಿಸಬೇಕು ಎಂಬುದು ಆಚಾರ್ಯರ ವಿವೇಕ. ಆದರೆ ತಗ್ಗಿತೋ ಹೆಚ್ಚಿತೋ ಎಂಬುದನ್ನು ಅಳೆಯದವನು ತಗ್ಗಿಸುತ್ತಿದ್ದೇನೆಂದು ಹೇಗೆ ಹೇಳಬಲ್ಲನು? ಹಳ್ಳದ ಪರೀಕ್ಷೆಯು ಶ್ರಾವಕನಿಗೆ ಅವಶ್ಯವಾಗುವುದು ಇಲ್ಲಿಯೇ. ಉದ್ಯೋಗೀ ಹಿಂಸೆಯ ಲೆಕ್ಕವು ಅಂಗಡಿಯ ಪುಸ್ತಕದಲ್ಲಿ ಸಿಗುವುದಿಲ್ಲ. ಹಳ್ಳದ ಕಲ್ಲುಗಳ ಅಡಿಯಲ್ಲಿ ಸಿಗುತ್ತದೆ.

ಮಾಡಬಹುದಾದುದು

ಈ ಕಾರ್ಯಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಊರಿನ ಮೇಲ್ಭಾಗದಲ್ಲಿ ಒಂದು, ಊರ ಬಳಿ ಒಂದು, ಗದ್ದೆಗಳ ಬಸಿನೀರು ಸೇರಿದ ಮೇಲೆ ಒಂದು, ಹೀಗೆ ಹಳ್ಳದ ಮೂರು ಸ್ಥಳಗಳನ್ನು ಗೊತ್ತುಮಾಡಿಕೊಳ್ಳಬೇಕು. ಮೇಲಿನದೇ ಕೆಳಗಿನವುಗಳಿಗೆ ಒರೆಗಲ್ಲು. ಮೂರು ಅಷ್ಟಾಹ್ನಿಕ ಪರ್ವಗಳ ಸಮಯದಲ್ಲಿ, ನೀರು ಇರುವಾಗಲೆಲ್ಲ, ನಸುಕಿನಲ್ಲಿ ಅಲ್ಲಿಗೆ ಹೋಗಿ ನೀರಿನ ಬಣ್ಣ, ವಾಸನೆ, ಹರಿವು, ಪಾಚಿ, ದಡದ ಗಿಡಗಳು ಇವನ್ನು ಬರೆದಿಡಬೇಕು. ಬಲೆಬಟ್ಟೆಯಲ್ಲಿ ಸಿಕ್ಕ ಜೀವಿಗಳ ಬಗೆಗಳನ್ನು ಎಣಿಸಿ, ನೀರು ಆರುವ ಮೊದಲೇ ಅದೇ ಸ್ಥಳದಲ್ಲಿ ಮರಳಿ ಬಿಡಬೇಕು. ಇದೇ ಇಂದಿನ ಜೀವಾಣಿ. ಆಮ್ಲಜನಕ ಮತ್ತು ನೈಟ್ರೇಟುಗಳ ಪರೀಕ್ಷೆಗೆ ಸಮೀಪದ ಕಾಲೇಜುಗಳ ಅಧ್ಯಾಪಕರ ಸಹಾಯವನ್ನು ಪಡೆಯಬಹುದು. ಧಾರ್ಮಿಕ ಪಾಠಶಾಲೆಯ ಮಕ್ಕಳು ಇಂದ್ರಿಯಗಳ ಶ್ರೇಣಿಯನ್ನು ಬಾಯಿಪಾಠ ಮಾಡುವುದರ ಜೊತೆಗೆ ಹಳ್ಳದಲ್ಲಿಯೂ ಅದನ್ನು ಕಾಣಲಿ. ದಾಖಲೆಯ ಪುಸ್ತಕವು ಬಸದಿಯಲ್ಲಿ ಅಥವಾ ಮಂದಿರದಲ್ಲಿ ಎಲ್ಲರಿಗೂ ಸಿಗುವಂತಿರಲಿ. ಒಂದು ವರ್ಷದ ದಾಖಲೆಯಿಂದ ಏನೂ ಸಿದ್ಧವಾಗದು. ಐದು ವರ್ಷಗಳದು ತಾನಾಗಿಯೇ ಮಾತನಾಡುತ್ತದೆ.

ಅಂಗಡಿಕಾರರು ಪ್ರತಿಯೊಬ್ಬ ಗಿರಾಕಿಗೂ ಸಿಂಪಡಣೆಯ ಪಂಪನ್ನು ಹಳ್ಳದಲ್ಲಿ ತೊಳೆಯಬಾರದು, ಖಾಲಿ ಡಬ್ಬಿಯನ್ನು ನೀರಿಗೆ ಎಸೆಯಬಾರದು ಎಂದು ಬಾಯಿಬಿಟ್ಟು ಹೇಳಬೇಕು. ಮೀನಿಗೆ ಮಾರಕವಾದ ವಿಷವನ್ನು ಹಳ್ಳದ ದಂಡೆಯ ಹೊಲದವನಿಗೆ ಮಾರದಿರುವ ನಿಯಮವನ್ನು ಕೈಗೊಳ್ಳುವವರು ಅಣುವ್ರತಕ್ಕೆ ಹೊಸ ಅರ್ಥವನ್ನು ತಂದಾರು. ಭತ್ತವನ್ನು ನೆನೆಸಿ ಬೇಯಿಸುವ ಗಿರಣಿಗಳ ನೀರು ಬಹುಬೇಗ ಕೊಳೆತು ಹಳ್ಳದ ಆಮ್ಲಜನಕವನ್ನು ಹೀರಿಬಿಡುತ್ತದೆ. ಅದನ್ನು ಶುದ್ಧಿಗೊಳಿಸದೆ ಬಿಡುವುದನ್ನು ಗಿರಣಿಯವರು ನಿಲ್ಲಿಸಬೇಕು. ಇದರಿಂದ ಲಾಭದಲ್ಲಿ ಕೊರತೆಯಾದೀತು, ನಿಜ. ಕೊರತೆಯನ್ನು ಒಪ್ಪಿಕೊಳ್ಳದೆ ಯಾವ ವ್ರತವೂ ವ್ರತವಾಗುವುದಿಲ್ಲ.

ಪೂರ್ವಕಾಲದಲ್ಲಿ ಕೆರೆಗಳ ಪೋಷಣೆಗಾಗಿ ಭೂಮಿಯನ್ನು ‘ಬಿತ್ತುವಟ್ಟ’ವಾಗಿ ಬಿಟ್ಟ ಶಾಸನಗಳು ಕರ್ನಾಟಕದ ಎಲ್ಲೆಡೆ ದೊರೆಯುತ್ತವೆ. ಮಸ್ಕಿಯ ಹಳ್ಳಕ್ಕೆ ಅಂತಹ ದತ್ತಿಯೇನೂ ಬೇಡ. ಅದರ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡುವ ಕೆಲವು ಕೈಗಳು ಸಾಕು. ಮಸ್ಕಿಯ ಬಂಡೆಯ ಮೇಲೆ ಅಶೋಕನು ಬರೆಯಿಸಿದುದರ ಸಾರ, ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಉದ್ಯಮಶೀಲನಾದ ಚಿಕ್ಕವನಿಗೂ ದೊರೆಯಬಲ್ಲುದು ಎಂಬುದೇ ಆಗಿದೆ. ಆ ಊರಿನ ಹಳ್ಳವನ್ನು ಉಳಿಸುವ ಕೆಲಸವನ್ನು ಅದೇ ಮಾತಿನ ಬಲದಿಂದ ಸಮಾಜಬಾಂಧವರು ಮುಂಬರುವ ಅಷ್ಟಾಹ್ನಿಕ ಪರ್ವದಿಂದಲೇ ಆರಂಭಿಸುವರೆಂದು ಆಶಿಸೋಣ.